ಆನ್‌ಲೈನ್ ಗೇಮ್‌ಗಳಲ್ಲಿ ಜನ ಜಾಸ್ತಿ ಆದರು, ಪರಿಚಯ ಯಾಕೆ ಕಮ್ಮಿ ಆಯಿತು?

ಡಸ್ಟ್2_ದಾವಣಗೆರೆ

ಬಹಳ ದಿನದಿಂದ ತಲೆಯಲ್ಲಿ ಓಡುತ್ತಿರುವ ವಿಷಯ. ಇಲ್ಲಿ ಹಳಬರೂ ಇದ್ದೀರಿ, ಹೊಸಬರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಆನ್‌ಲೈನ್ ಗೇಮ್ ಆಡುವವರು ನಮ್ಮ ಕಾಲಕ್ಕಿಂತ ಈಗ ಎಷ್ಟೋ ಪಟ್ಟು ಜಾಸ್ತಿ. ಆದರೆ ಒಂದು ಇಡೀ ಸಂಜೆ ಆಡಿ ಎದ್ದರೂ ಜೊತೆಗೆ ಆಡಿದ ಒಬ್ಬರ ಹೆಸರೂ ನೆನಪಿರುವುದಿಲ್ಲ. "ಈಗಿನ ಹುಡುಗರು ಕೆಟ್ಟುಹೋಗಿದ್ದಾರೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹುಡುಗರು ಆಗಲೂ ಹೀಗೇ ಇದ್ದರು, ಆಗಲೂ ಬೈಯುತ್ತಿದ್ದರು. ಯಾರು ಯಾರ ಜೊತೆ ಆಡಬೇಕು ಅನ್ನುವುದನ್ನು ಮೊದಲು ಆಡುವವರೇ ನಿರ್ಧರಿಸುತ್ತಿದ್ದರು, ಈಗ ಕಂಪನಿಯ ಸರ್ವರ್ ನಿರ್ಧರಿಸುತ್ತದೆ. ನನ್ನ ಪ್ರಕಾರ ಉಳಿದ ಎಲ್ಲ ಬದಲಾವಣೆಯೂ ಇದರಿಂದ ಬಂದದ್ದು.

ಕೌಂಟರ್ ಸ್ಟ್ರೈಕ್ ತೆಗೆದುಕೊಳ್ಳಿ. ತಂಡ ಕಟ್ಟಿ ಗುಂಡು ಹಾರಿಸಿ ಆಡುವ ಗೇಮ್. 1999ರಲ್ಲಿ ಹಾಫ್ ಲೈಫ್ ಅನ್ನುವ ಗೇಮ್‌ನ ಮಾಡ್ (ಇರುವ ಗೇಮ್ ತಿದ್ದಿ ಮಾಡಿದ ಹೊಸ ರೂಪ) ಆಗಿ ಶುರುವಾಯಿತು, 2003ರಲ್ಲಿ 1.6 ಬಂತು. ನಮ್ಮಲ್ಲಿ ಸೈಬರ್ ಕೆಫೆಗಳಲ್ಲಿ, ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ವರ್ಷಗಟ್ಟಲೆ ಓಡಿದ್ದು ಅದೇ. ಗೇಮ್ ತೆರೆದರೆ ಸರ್ವರ್‌ಗಳ ಪಟ್ಟಿ ಬರುತ್ತಿತ್ತು. ಸರ್ವರ್ ಹೆಸರು, ಮ್ಯಾಪ್, ಎಷ್ಟು ಜನ ಇದ್ದಾರೆ, ಪಿಂಗ್ (ಸರ್ವರ್‌ನಿಂದ ಉತ್ತರ ಬರಲು ಹಿಡಿಯುವ ಸಮಯ) ಎಷ್ಟು. ಅದರಲ್ಲಿ ನಾವು ಒಂದನ್ನು ಆರಿಸುತ್ತಿದ್ದೆವು, ಆಮೇಲೆ ದಿನಾ ಅದಕ್ಕೇ ಹೋಗುತ್ತಿದ್ದೆವು. ಪ್ರತಿ ಸರ್ವರ್‌ಗೂ ಒಬ್ಬ ಅಡ್ಮಿನ್. ಅವನೂ ನಮ್ಮ ಜೊತೆಗೇ ಆಡುತ್ತಿದ್ದ. ಯಾರಾದರೂ ಗೋಡೆ ಆಚೆ ಕಾಣುವ ಹ್ಯಾಕ್ ಹಾಕಿದ್ದಾನೆ ಅಂತ ಅನುಮಾನ ಬಂದರೆ ಅಡ್ಮಿನ್ ಸ್ಪೆಕ್ಟೇಟರ್‌ಗೆ ಹೋಗಿ ಎರಡು ರೌಂಡ್ ಅವನ ಬೆನ್ನ ಹಿಂದೆ ಕೂತು ನೋಡುತ್ತಿದ್ದ. ಆಮೇಲೆ ಕಿಕ್, ಇಲ್ಲವೇ ಬ್ಯಾನ್.

ಇನ್ನೊಂದು ಸಂಗತಿ ಈಗಿನವರಿಗೆ ಗೊತ್ತಾಗಲಿ ಅಂತ ಹೇಳುತ್ತೇನೆ. ಆ ಗೇಮ್‌ನಲ್ಲಿ ಒಮ್ಮೆ ಸತ್ತರೆ ರೌಂಡ್ ಮುಗಿಯುವ ತನಕ ವಾಪಸ್ ಬರುವ ಹಾಗಿಲ್ಲ. ಸತ್ತವರು ಬರೆದದ್ದು ಸತ್ತವರಿಗೆ ಮಾತ್ರ ಕಾಣುತ್ತಿತ್ತು, ಹೆಸರಿನ ಪಕ್ಕ ಸತ್ತಿದ್ದಾನೆ ಅಂತ ಗುರುತು. ಆ ಒಂದೆರಡು ನಿಮಿಷ ಮಾಡಲು ಏನೂ ಕೆಲಸ ಇಲ್ಲ, ಸುಮ್ನೆ ಕೂತು ಬೇರೆಯವರ ಆಟ ನೋಡುತ್ತಾ ಹರಟಬೇಕು. "ಬಿ ಕಡೆ ಒಬ್ಬ ಇದ್ದ ಕಣೋ", "ಇಂಟರ್ನಲ್ಸ್ ಯಾವಾಗ", "ಊಟ ಆಯ್ತಾ". ಈಗ ಎಷ್ಟೋ ಗೇಮ್‌ಗಳಲ್ಲಿ ಸತ್ತ ಮೂರು ಸೆಕೆಂಡಿಗೆ ಮತ್ತೆ ಹುಟ್ಟುತ್ತೀರಿ, ಇಲ್ಲವೇ ಪಂದ್ಯ ಬಿಟ್ಟು ಮುಂದಿನದಕ್ಕೆ ಹೋಗುತ್ತೀರಿ. ಮಾತಾಡುವುದಕ್ಕೆ ಸಮಯ ಎಲ್ಲಿ?

2009ರ ನವೆಂಬರ್‌ನಲ್ಲಿ ಕಾಲ್ ಆಫ್ ಡ್ಯೂಟಿ ಸರಣಿಯ ಮಾಡರ್ನ್ ವಾರ್‌ಫೇರ್ 2 ಬಂದಾಗ ಪಿಸಿಯಲ್ಲಿ ಆಡುವವರೇ ಸರ್ವರ್ ನಡೆಸುವ ವ್ಯವಸ್ಥೆಯನ್ನೇ ತೆಗೆದುಬಿಟ್ಟರು. ಆಗ ಜನ ದೊಡ್ಡ ಗಲಾಟೆ ಮಾಡಿದರು, ಸಹಿ ಸಂಗ್ರಹ ಮಾಡಿದರು. 2012ರಲ್ಲಿ ಕೌಂಟರ್ ಸ್ಟ್ರೈಕ್ ಸರಣಿಯ ಹೊಸ ಗೇಮ್ ಸಿಎಸ್ ಗೋ ಬಂತು. ಅದರಲ್ಲಿ ಸರ್ವರ್ ಪಟ್ಟಿ ಉಳಿಯಿತು, ಆದರೆ ಎಲ್ಲರೂ ಹೋಗಿದ್ದು ಕಂಪನಿಯ ಮ್ಯಾಚ್‌ಮೇಕಿಂಗ್‌ಗೆ (ಆಡುವವರನ್ನು ತಾನಾಗಿ ಜೋಡಿಸುವ ವ್ಯವಸ್ಥೆಗೆ), ಯಾಕೆಂದರೆ ರ‍್ಯಾಂಕ್ ಸಿಗುತ್ತಿದ್ದುದು ಅಲ್ಲಿ. ನೀವೇನಂತೀರಿ?

ಮಂಜಿನ_ಮಾಂತ್ರಿಕ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಾನು ಶೂಟಿಂಗ್ ಗೇಮ್ ಆಡಿದವನಲ್ಲ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಿದವನು, ಸಾವಿರಾರು ಜನ ಒಂದೇ ಲೋಕದಲ್ಲಿ ಪಾತ್ರಗಳಾಗಿ ಸೇರುವ ಗೇಮ್. ನೀವು ಹೇಳಿದ್ದೇ ಅಲ್ಲೂ ಆಯಿತು, ತಿಂಗಳು ವರ್ಷ ಹಿಡಿದು ತೋರಿಸಬಹುದು: 2009ರ ಡಿಸೆಂಬರ್, ಪ್ಯಾಚ್ 3.3, ಡಂಜನ್ ಫೈಂಡರ್.

ಅದಕ್ಕಿಂತ ಮುಂಚೆ ಒಂದು ಡಂಜನ್‌ಗೆ (ರಾಕ್ಷಸರನ್ನು ಎದುರಿಸುವ ಗುಹೆಯಂಥ ಜಾಗ) ಹೋಗಬೇಕು ಅಂದರೆ ಐದು ಜನ ಬೇಕು. ನಗರದಲ್ಲಿ ನಿಂತು ಚಾಟ್‌ನಲ್ಲಿ ಕೂಗಬೇಕು, ಹೀಲರ್ (ಗಾಯ ವಾಸಿಮಾಡುವವನು) ಬೇಕು, ಟ್ಯಾಂಕ್ (ಮುಂದೆ ನಿಂತು ಏಟು ತಿನ್ನುವವನು) ಬೇಕು ಅಂತ. ಸಿಕ್ಕ ಮೇಲೆ ಎಲ್ಲರೂ ಅಷ್ಟು ದೂರ ಪ್ರಯಾಣ ಮಾಡಿ ಬಾಗಿಲ ಹತ್ತಿರ ಸೇರಬೇಕು. ಅರ್ಧ ಗಂಟೆ ಅದಕ್ಕೇ ಹೋಗುತ್ತಿತ್ತು. ಅಷ್ಟು ಕಷ್ಟಪಟ್ಟು ಸೇರಿದ ಮೇಲೆ ಯಾರೂ ಒಂದು ಸಲ ಸೋತ ತಕ್ಷಣ ಎದ್ದು ಹೋಗುತ್ತಿರಲಿಲ್ಲ. ಮುಖ್ಯವಾಗಿ, ಆ ಐದೂ ಜನ ಒಂದೇ ಸರ್ವರ್‌ನವರು. ಯಾರಾದರೂ ತನಗೆ ಬೇಡದ ಖಡ್ಗವನ್ನು ಸುಳ್ಳು ಹೇಳಿ ಎತ್ತಿಕೊಂಡು ಓಡಿದರೆ ಮಾರನೇ ದಿನ ಇಡೀ ಸರ್ವರ್‌ಗೆ ಗೊತ್ತಾಗುತ್ತಿತ್ತು. ಅವನ ಗಿಲ್ಡ್‌ನ (ಆಡುವವರ ಸಂಘದ) ಮುಖ್ಯಸ್ಥನಿಗೆ ದೂರು ಹೋಗುತ್ತಿತ್ತು. ಮುಂದೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ.

ಡಂಜನ್ ಫೈಂಡರ್ ಬಂದ ಮೇಲೆ ಒಂದು ಬಟನ್ ಒತ್ತಿದರೆ ಸಾಕು, ಬೇರೆ ಬೇರೆ ಸರ್ವರ್‌ಗಳಿಂದ ಐದು ಜನರನ್ನು ಹುಡುಕಿ ನೇರ ಒಳಗೆ ಇಳಿಸುತ್ತಿತ್ತು. ಕೆಲಸಕ್ಕೆ ಹೋಗುವ ನನ್ನಂಥವನಿಗೆ ಬಹಳ ಅನುಕೂಲವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಾರೂ "ಹಾಯ್" ಅನ್ನುತ್ತಿರಲಿಲ್ಲ. ಮತ್ತೆ ಸಿಗದ ಜನ. ಒಳ್ಳೆಯವರಾಗಿದ್ದರೂ ಲಾಭವಿಲ್ಲ, ಕೆಟ್ಟವರಾಗಿದ್ದರೂ ನಷ್ಟವಿಲ್ಲ.

ಇದಕ್ಕೂ ಹಿಂದಿನ ಎವರ್‌ಕ್ವೆಸ್ಟ್ ಇನ್ನೂ ಒಳ್ಳೆಯ ಉದಾಹರಣೆ. 1999ರ ಗೇಮ್ ಅದು. ಅದರಲ್ಲಿ ಮಾರುಕಟ್ಟೆ ಅಂತ ಕಂಪನಿಯವರು ಏನೂ ಕಟ್ಟಿರಲಿಲ್ಲ. ಈಸ್ಟ್ ಕಾಮನ್‌ಲ್ಯಾಂಡ್ಸ್ ಅನ್ನುವ ಜಾಗದಲ್ಲಿ ಒಂದು ಸುರಂಗ ಇತ್ತು, ಆಡುವವರೇ ಅಲ್ಲಿ ಸೇರಿ ಸಾಮಾನು ಕೂಗಿ ಮಾರಲು ಶುರುಮಾಡಿದರು, ಅದೇ ಸಂತೆ ಆಗಿಹೋಯಿತು. ಚೌಕಾಸಿ ಮಾಡಬೇಕು, ನಂಬಬೇಕು, ಮೋಸ ಮಾಡುವವರು ಯಾರು ಅಂತ ತಿಳಿದಿರಬೇಕು. 2001ರ ಕೊನೆಗೆ ಬಂದ ವಿಸ್ತರಣೆಯಲ್ಲಿ ಬಜಾರ್ ಅನ್ನುವ ಜಾಗ ಕೊಟ್ಟರು. ಪಾತ್ರವನ್ನು ಅಲ್ಲಿ ನಿಲ್ಲಿಸಿ ಮಲಗಿದರೆ ವ್ಯಾಪಾರ ತಾನಾಗಿ ಆಗುತ್ತದೆ. ಸುರಂಗ ಖಾಲಿ ಆಯಿತು.

ಪೋಚಿಂಕಿ_ಪುಟ್ಟ

ಅಣ್ಣ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅರ್ಧ ಮಾತ್ರ ಒಪ್ಪುತ್ತೇನೆ. ನಿಮ್ಮ ಕಾಲದಲ್ಲಿ ಆಡಬೇಕಾದರೆ ಮನೆಯಲ್ಲಿ ಕಂಪ್ಯೂಟರ್ ಇರಬೇಕು, ಇಲ್ಲ ಕೆಫೆಗೆ ಕೊಡಲು ಕಾಸಿರಬೇಕು, ಇಲ್ಲ ಹಾಸ್ಟೆಲ್‌ನಲ್ಲಿ ಇರಬೇಕು. ನಮ್ಮದು ಹಾಸನದ ಹತ್ತಿರ ಒಂದು ಹಳ್ಳಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಗದಿದ್ದರೆ, 2018ರಲ್ಲಿ ಪಬ್‌ಜಿ ಮೊಬೈಲ್ ಬರದಿದ್ದರೆ ನಾನು ಆನ್‌ಲೈನ್ ಗೇಮ್ ಅಂದರೆ ಏನು ಅಂತಲೇ ನೋಡುತ್ತಿರಲಿಲ್ಲ. ನಮ್ಮೂರಲ್ಲಿ ಟವರ್ ಸಿಗುವುದು ಶಾಲೆ ಕಾಂಪೌಂಡ್ ಹತ್ತಿರ. ಎಂಟು ಹತ್ತು ಹುಡುಗರು ಅಲ್ಲಿ ಸಾಲಾಗಿ ಗೋಡೆ ಮೇಲೆ ಕೂತು ಆಡುತ್ತಿದ್ದೆವು. ಒಬ್ಬ ಏಟು ತಿಂದು ಬಿದ್ದು ನಾಕ್ ಆದರೆ ಪಕ್ಕದಲ್ಲಿ ಕೂತವನೇ ಅವನ ಕೈ ಎಳೆದು "ಬರ್ತಾ ಇದೀನಿ ತಡಿ, ಸ್ಮೋಕ್ ಹಾಕು" ಅಂತ ಕೂಗುತ್ತಿದ್ದ. ಇದು ಪರಿಚಯ ಅಲ್ವಾ?

ಈಗ ಪಿಯುಸಿ ಜೊತೆ ಓದಿದ ನಾಲ್ಕು ಜನ ನಾಲ್ಕು ಊರಲ್ಲಿ ಇದ್ದೇವೆ. ಒಬ್ಬ ಪುಣೆಯಲ್ಲಿ, ಒಬ್ಬ ಮೈಸೂರಲ್ಲಿ. ರಾತ್ರಿ ಊಟ ಆದ ಮೇಲೆ ಬಿಜಿಎಂಐ (ಪಬ್‌ಜಿ ಮೊಬೈಲ್‌ನ ಭಾರತದ ಆವೃತ್ತಿ) ಲಾಬಿಯಲ್ಲಿ, ಅಂದರೆ ಪಂದ್ಯಕ್ಕೆ ಮುಂಚೆ ಕಾಯುವ ಜಾಗದಲ್ಲಿ ಸೇರುತ್ತೇವೆ. ಎಷ್ಟೋ ಸಲ ಮ್ಯಾಚ್ ಸ್ಟಾರ್ಟ್ ಮಾಡುವುದೇ ಇಲ್ಲ, ಸುಮ್ನೆ ಲಾಬಿಯಲ್ಲೇ ಮೈಕ್ ಆನ್ ಇಟ್ಟು ಮಾತಾಡುತ್ತೇವೆ. ಫೋನ್ ಮಾಡಿ "ಹೇಗಿದೀಯ" ಅಂತ ಕೇಳಲು ಮುಜುಗರ ಆಗುತ್ತದೆ, ಅಲ್ಲಿ ಆಗುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಬ್ಯಾನ್ ಆದಾಗ ನಮಗೆ ಬೇಜಾರಾಗಿದ್ದು ಗನ್ ಸ್ಕಿನ್ ಹೋಯಿತು ಅಂತಲ್ಲ, ಸೇರುವ ಜಾಗ ಹೋಯಿತು ಅಂತ. 2021ರ ಜುಲೈನಲ್ಲಿ ಬಿಜಿಎಂಐ ಬಂತು, ಮುಂದಿನ ಜುಲೈನಲ್ಲಿ ಸ್ಟೋರ್‌ನಿಂದ ಅದೂ ಹೋಯಿತು, 2023ರ ಮೇ ತಿಂಗಳಲ್ಲಿ ವಾಪಸ್ ಬಂತು. ಪ್ರತಿ ಸಲವೂ ಒಬ್ಬಿಬ್ಬರು ಗೆಳೆಯರು ಕಳೆದುಹೋದರು.

ರ‍್ಯಾಂಡಮ್ ಜನರ ವಿಷಯ ಮಾತ್ರ ನೀವು ಹೇಳಿದ್ದು ನಿಜ. ಮೈಕ್ ಆನ್ ಮಾಡಿದ ತಕ್ಷಣ "ಹಿಂದಿ ಮೇ ಬೋಲ್" ಅಂತ ಶುರು. ಕನ್ನಡದಲ್ಲಿ ಗೆಳೆಯನಿಗೆ ಏನೋ ಹೇಳಿದರೆ ಬೈಗುಳ. ಅದಕ್ಕೇ ನಾವು ಈಗ ಮೂರೇ ಜನ ಇದ್ದರೂ ನಾಲ್ಕನೆಯವನನ್ನು ತುಂಬಿಸುವ ಆಯ್ಕೆ ಆಫ್ ಮಾಡಿ ಆಡುತ್ತೇವೆ.

ನೀಲಿಹಕ್ಕಿ_77

ಎಲ್ಲರ ಮಾತನ್ನೂ ಓದಿದೆ. ಹಳೆಯ ಸರ್ವರ್‌ಗಳ ಬಗ್ಗೆ ಇಷ್ಟು ಅಕ್ಕರೆಯಿಂದ ಬರೆಯುವವರಿಗೆ ಒಂದು ಪ್ರಶ್ನೆ. ಆ ಕೆಫೆಯಲ್ಲಿ ಎಷ್ಟು ಜನ ಹುಡುಗಿಯರು ಕೂತಿದ್ದರು?

ನನ್ನ ತಮ್ಮ ದಿನಾ ಹೋಗುತ್ತಿದ್ದ. ನಾನು ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಹೋದರೂ ಎಲ್ಲರೂ ತಿರುಗಿ ನೋಡುತ್ತಿದ್ದರು. ಆಮೇಲೆ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ನಾನೂ ಆಡಲು ಶುರುಮಾಡಿದೆ, ಕೌಂಟರ್ ಸ್ಟ್ರೈಕ್ 1.6 ಮತ್ತು ಡೋಟಾ ಅನ್ನುವ ತಂಡದ ಗೇಮ್. ಹೆಸರು ಹುಡುಗನದ್ದೋ ಹುಡುಗಿಯದ್ದೋ ತಿಳಿಯದ ಹಾಗೆ ಇಟ್ಟುಕೊಂಡು, ಮೈಕ್ ಮುಟ್ಟದೆ. ಒಂದು ದಿನ ಬಾಂಬ್ ಎಲ್ಲಿದೆ ಅಂತ ಹೇಳಲು ಮೈಕ್ ಒತ್ತಿದೆ. ಅಷ್ಟೇ. ಆಟ ನಿಂತಿತು, ಪ್ರಶ್ನೆಗಳು ಶುರುವಾದವು, ಯಾವ ಊರು, ಎಷ್ಟು ವಯಸ್ಸು, ಆರ್ಕುಟ್ ಇದೆಯಾ. ಎಲ್ಲರಿಗಿಂತ ಹೊಲಸು ಮಾತಾಡಿದವನು ಆ ಸರ್ವರ್‌ನ ಅಡ್ಮಿನ್ನೇ. ಯಾರಿಗೆ ದೂರು ಕೊಡಲಿ? ಸರ್ವರ್ ಅವನದು, ಅಲ್ಲಿ ಇದ್ದವರೆಲ್ಲ ಅವನ ಗೆಳೆಯರು. ನೀವು ಹೇಳುವ ಪರಿಚಯ ಒಳಗಿದ್ದವರನ್ನು ಕಾಪಾಡುತ್ತಿತ್ತು. ಹೊರಗಿನವರಿಗೆ ಅದೇ ಗೋಡೆ.

ಅದಕ್ಕೇ ನನಗೆ ದೊಡ್ಡ ಬದಲಾವಣೆ ಅನ್ನಿಸಿದ್ದು ಬೇರೆಯದೇ. 2019ರ ಫೆಬ್ರವರಿಯಲ್ಲಿ ಏಪೆಕ್ಸ್ ಲೆಜೆಂಡ್ಸ್ ಬಂತು. ಅದರಲ್ಲಿ ಒಂದು ಬಟನ್ ಒತ್ತಿದರೆ ಪಾತ್ರವೇ ಮಾತಾಡುತ್ತದೆ, "ಇಲ್ಲಿ ಶತ್ರು ಇದ್ದಾನೆ", "ಇಲ್ಲಿ ಬುಲೆಟ್ ಇದೆ", "ಅದು ನನಗೆ ಬೇಕು". ಆ ವಸ್ತುವಿನ ಮೇಲೇ ಗುರುತು ಬೀಳುತ್ತದೆ. ನಾನು ಬಾಯಿ ತೆರೆಯದೆ ಅಪರಿಚಿತರ ಜೊತೆ ಒಳ್ಳೆಯ ಟೀಮ್‌ಮೇಟ್ ಆಗಿ ಆಡಿದ್ದು ಅದೇ ಮೊದಲು. ಪುಟ್ಟ, ನೀನು ಹೇಳಿದ ಭಾಷೆ ಜಗಳಕ್ಕೂ ಅದು ಸ್ವಲ್ಪ ಮಟ್ಟಿಗೆ ಉತ್ತರ. ಆಮೇಲೆ ಬಂದ ಎಷ್ಟೋ ಗೇಮ್‌ಗಳು ಅದನ್ನು ಎತ್ತಿಕೊಂಡವು.

ಎಲ್ಲ ಬೈಗುಳಕ್ಕೂ ಬಾಯಿ ಮುಚ್ಚಿಸುವುದೇ ಮದ್ದು ಅಂತ ನಾನು ಹೇಳುತ್ತಿಲ್ಲ. ಲೀಗ್ ಆಫ್ ಲೆಜೆಂಡ್ಸ್‌ನವರು 2021ರ ಅಕ್ಟೋಬರ್‌ನಲ್ಲಿ ಎದುರಾಳಿ ತಂಡದ ಜೊತೆ ಚಾಟ್ ಮಾಡುವುದನ್ನೇ ನಿಲ್ಲಿಸಿದರು. ಆದರೆ ಬಹಳಷ್ಟು ಬೈಗುಳ ಬರುವುದು ಸ್ವಂತ ತಂಡದಿಂದಲೇ. "ಚೆನ್ನಾಗಿ ಆಡಿದಿರಿ" ಅಂತ ಎದುರಾಳಿಗೆ ಹೇಳುವುದೂ ಅದರ ಜೊತೆಗೇ ಹೋಯಿತು.

ಡಸ್ಟ್2_ದಾವಣಗೆರೆ

ನೀಲಿಹಕ್ಕಿ ಅವರೇ, ಬರೆದದ್ದಕ್ಕೆ ಧನ್ಯವಾದ. ಅಡ್ಮಿನ್‌ನ ಬಗ್ಗೆ ನೀವು ಹೇಳಿದ್ದು ಬಹಳ ಮುಖ್ಯ. ಪರಿಚಯ ಇದ್ದರೆ ಸಾಲದು, ಜಾಗ ನಡೆಸುವವನ ಮೇಲೂ ಯಾರಾದರೂ ಇರಬೇಕು. ಹಾಗಂತ ಎಲ್ಲವನ್ನೂ ಕಂಪನಿಗೆ ಬಿಟ್ಟರೆ ಆಯಿತಾ? ರಿಪೋರ್ಟ್ ಬಟನ್ ಒತ್ತಿದ ಮೇಲೆ ಏನಾಯಿತು ಅಂತ ಎಷ್ಟೋ ಗೇಮ್‌ಗಳಲ್ಲಿ ಗೊತ್ತೇ ಆಗುವುದಿಲ್ಲ. ಶಿಕ್ಷೆ ಯಾರು ಕೊಟ್ಟರು, ಯಾಕೆ ಕೊಟ್ಟರು, ಯಾರಿಗೂ ಕಾಣುವುದಿಲ್ಲ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ.

ಕೋಡ್_ಕಾಯಕ

ನಾನು ಬೆಂಗಳೂರಿನಲ್ಲಿ ಗೇಮ್ ಮಾಡುವ ಕಂಪನಿಯಲ್ಲಿ ಸರ್ವರ್ ಕಡೆ ಕೆಲಸ ಮಾಡುವವನು. ಮ್ಯಾಚ್‌ಮೇಕಿಂಗ್ ಪರವಾಗಿ ಯಾರೂ ಮಾತಾಡಿಲ್ಲ, ನಾನು ಮಾತಾಡುತ್ತೇನೆ.

ಹಳೆಯ ಸರ್ವರ್ ಪಟ್ಟಿಯಲ್ಲಿ ಹೊಸಬ ಏನು ಮಾಡುತ್ತಿದ್ದ ಅಂತ ನೆನಪು ಮಾಡಿಕೊಳ್ಳಿ. ಗೊತ್ತಿಲ್ಲದೆ ಒಂದು ಸರ್ವರ್‌ಗೆ ಹೋಗುತ್ತಿದ್ದ, ಅಲ್ಲಿ ಐದು ವರ್ಷದಿಂದ ಆಡುತ್ತಿರುವವರು ಕೂತಿರುತ್ತಿದ್ದರು. ಬಾಗಿಲು ದಾಟುವ ಮುಂಚೆ ಸತ್ತ, ಮತ್ತೆ ಸತ್ತ, "ನೂಬ್" ಅನ್ನಿಸಿಕೊಂಡ, ಬಿಟ್ಟು ಹೋದ. ಚೆಸ್‌ಗೆ ಆರ್ಪಾಡ್ ಇಲೋ ಮಾಡಿದ ರೇಟಿಂಗ್ ಲೆಕ್ಕವನ್ನೇ ಹಿಗ್ಗಿಸಿ ಮೈಕ್ರೋಸಾಫ್ಟ್‌ನವರು ಎಕ್ಸ್‌ಬಾಕ್ಸ್‌ಗೆ ಟ್ರೂಸ್ಕಿಲ್ ಮಾಡಿದ್ದು ಇದಕ್ಕೇ. ನಿಮ್ಮ ಸಮಕ್ಕೆ ಆಡುವವರನ್ನು ಹುಡುಕಿಕೊಡುವುದು. ಇನ್ನೊಂದು, ಫ್ರೀ ಗೇಮ್‌ನಲ್ಲಿ ನೂರು ಜನರನ್ನು ಕೆಲವೇ ಸೆಕೆಂಡುಗಳಲ್ಲಿ ಒಂದು ಪಂದ್ಯಕ್ಕೆ ಸೇರಿಸಬೇಕು. ಪಟ್ಟಿ ನೋಡಿ ಆರಿಸಿ ಅಂದರೆ ಅರ್ಧ ಸರ್ವರ್ ತುಂಬಿರುತ್ತದೆ, ಅರ್ಧ ಖಾಲಿ ಇರುತ್ತದೆ.

ಆದರೆ ಮ್ಯಾಚ್‌ಮೇಕಿಂಗ್ ಇದ್ದ ಮಾತ್ರಕ್ಕೆ ಪರಿಚಯ ಸಾಯಲೇಬೇಕು ಅಂತೇನಿಲ್ಲ. 2004ರ ಹೇಲೋ 2ನಲ್ಲೇ ಮ್ಯಾಚ್‌ಮೇಕಿಂಗ್ ಇತ್ತು. ಆದರೆ ಪಂದ್ಯ ಮುಗಿದ ಮೇಲೆ ಎಲ್ಲರೂ ಒಂದೇ ಲಾಬಿಗೆ ಬರುತ್ತಿದ್ದರು, ಸೋತವರೂ ಗೆದ್ದವರೂ ಮಾತಾಡುತ್ತಿದ್ದರು, ಹೊಂದಿಕೆ ಆದವರು ಪಾರ್ಟಿ ಕಟ್ಟಿಕೊಂಡು ಮುಂದಿನ ಪಂದ್ಯಕ್ಕೆ ಹೋಗುತ್ತಿದ್ದರು. ಕಾಲ್ ಆಫ್ ಡ್ಯೂಟಿ ಸರಣಿಯಲ್ಲಿ 2019ರಲ್ಲಿ ಬಂದ ಮಾಡರ್ನ್ ವಾರ್‌ಫೇರ್ ಹೊತ್ತಿಗೆ ಪಂದ್ಯ ಮುಗಿದ ತಕ್ಷಣ ಲಾಬಿಯೇ ಒಡೆದುಹೋಗುವ ಹಾಗೆ ಮಾಡಿದರು, ಪ್ರತಿ ಪಂದ್ಯಕ್ಕೂ ಹೊಸದಾಗಿ ಲೆಕ್ಕ ಹಾಕಿ ಜೋಡಿಸಲು. ಗಲ್ಲಿ ಕ್ರಿಕೆಟ್‌ನಲ್ಲಿ ಪ್ರತಿ ಓವರ್‌ಗೂ ಬೇರೆ ಬೀದಿಯ ಹುಡುಗರನ್ನು ತಂದು ನಿಲ್ಲಿಸಿದರೆ ಹೇಗಿರುತ್ತದೆ, ಹಾಗಾಯಿತು. ಜನ ವರ್ಷಗಟ್ಟಲೆ ದೂರಿದರು. ಅದೇ ಸರಣಿಯ 2025ರ ಬ್ಲ್ಯಾಕ್ ಆಪ್ಸ್ 7ರಲ್ಲಿ ಲಾಬಿ ಉಳಿಯುವ ವ್ಯವಸ್ಥೆ ವಾಪಸ್ ತಂದರು. ಪಂದ್ಯ ಜೋಡಿಸುವ ಯಂತ್ರ ಮತ್ತು ಪಂದ್ಯದ ಆಮೇಲಿನ ಹತ್ತು ನಿಮಿಷ, ಇವೆರಡು ಬೇರೆ ಬೇರೆ. ನಮ್ಮ ಮೀಟಿಂಗ್‌ಗಳಲ್ಲಿ ನಾನು ಇದನ್ನು ಹೇಳುತ್ತಲೇ ಇರುತ್ತೇನೆ. ಆ ಹತ್ತು ನಿಮಿಷದಿಂದ ಎಷ್ಟು ದುಡ್ಡು ಬರುತ್ತದೆ ಅಂತ ತೋರಿಸುವುದು ಕಷ್ಟ, ಅದಕ್ಕೇ ಮೊದಲು ಕತ್ತರಿ ಬೀಳುವುದು ಅಲ್ಲಿಗೇ.

ಮಂಜಿನ_ಮಾಂತ್ರಿಕ

ಕಾಯಕ ಅವರೇ, ಸರಿಯಾಗಿ ಹೇಳಿದಿರಿ. ಆದರೆ ಯಂತ್ರವನ್ನು ಸರಿಮಾಡಿದರೆ ಹಳೆಯ ಕಾಲ ವಾಪಸ್ ಬರುತ್ತದೆ ಅಂತ ಯಾರೂ ಅಂದುಕೊಳ್ಳಬೇಡಿ. ಅದನ್ನು ಮಾಡಿಯೇ ನೋಡಿದ್ದಾರೆ. 2019ರ ಆಗಸ್ಟ್‌ನಲ್ಲಿ ವಾರ್‌ಕ್ರಾಫ್ಟ್ ಕ್ಲಾಸಿಕ್ ಬಿಟ್ಟರು, ಡಂಜನ್ ಫೈಂಡರ್ ಇಲ್ಲದ ಹಳೆಯ ಗೇಮ್. ಮೊದಲ ವಾರ ಕಣ್ಣಲ್ಲಿ ನೀರು ಬರುವಷ್ಟು ಖುಷಿ ಆಯಿತು. ಒಂದೇ ರಾಕ್ಷಸನನ್ನು ಕೊಲ್ಲಬೇಕಾದ ಜನ ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಸಾಲು ನಿಂತರು. ಯಾರೂ ಹೇಳಿರಲಿಲ್ಲ, ತಾವಾಗಿಯೇ. ಮಧ್ಯೆ ನುಗ್ಗಿದವನನ್ನು ಎಲ್ಲರೂ ಸೇರಿ ಹಿಂದೆ ಕಳಿಸಿದರು.

ಕೆಲವು ತಿಂಗಳಾದ ಮೇಲೆ? ರೇಡ್‌ಗೆ (ದೊಡ್ಡ ಗುಂಪಿನ ದಾಳಿಗೆ) ಸೇರಿಸಿಕೊಳ್ಳಿ ಅಂತ ಕೇಳಿದರೆ "ನಿನ್ನ ಲಾಗ್ ತೋರಿಸು" ಅನ್ನಲು ಶುರುಮಾಡಿದರು. ಪ್ರತಿ ಹೊಡೆತದ ಲೆಕ್ಕ ಹಾಕಿ ನಿಮಗೆ ಅಂಕ ಕೊಡುವ ವೆಬ್‌ಸೈಟ್ ಇದೆ, ಅದನ್ನು ನೋಡಿ ಆರಿಸುತ್ತಾರೆ. 2006ರಲ್ಲಿ ದಾರಿ ಗೊತ್ತಿಲ್ಲದೆ ಪಕ್ಕದವನನ್ನು ಕೇಳುತ್ತಿದ್ದೆವು. ಈಗ ಎಲ್ಲವೂ ಯೂಟ್ಯೂಬ್‌ನಲ್ಲಿ ಇದೆ, ಕೇಳುವ ಅಗತ್ಯವೇ ಇಲ್ಲ. ಒಬ್ಬರಿಗೊಬ್ಬರು ಬೇಕಾಗುತ್ತಿದ್ದುದು ಅರ್ಧ ಗೊತ್ತಿಲ್ಲದ ಕಾರಣಕ್ಕೆ. ಗೇಮ್ ಅದೇ ಇತ್ತು, ಆಡುವ ನಾವು ಅದೇ ಇರಲಿಲ್ಲ. ಡಸ್ಟ್2 ಅವರು ಎಲ್ಲವೂ ಸರ್ವರ್‌ನಿಂದ ಬಂದದ್ದು ಅಂದರಲ್ಲ, ನನಗೆ ತಕರಾರು ಇರುವುದು ಅಲ್ಲಿ.

ಡಸ್ಟ್2_ದಾವಣಗೆರೆ

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಆ ಸಾಲು ನಿಂತ ಜನವೇ ನನಗೆ ಸಾಕ್ಷಿ. ಅವಕಾಶ ಕೊಟ್ಟರೆ ಮನುಷ್ಯರು ಹಾಗೆ ನಡೆದುಕೊಳ್ಳುತ್ತಾರೆ. ಲಾಗ್ ಕೇಳುವ ಚಾಳಿ ಬಂದದ್ದು ಗೇಮ್ ಒಳಗಿನಿಂದಲ್ಲ, ಹೊರಗಿನ ಅಂಕದ ಪಟ್ಟಿಯಿಂದ ಅಲ್ವಾ?

ನೀಲಿಹಕ್ಕಿ_77

ಈಗ ಜನ ಸೇರುವ ಆ ಜಾಗ ಗೇಮ್ ಒಳಗೆ ಇಲ್ಲ, ಗುಂಪಾಗಿ ಬರೆದು ಮಾತಾಡುವ ಡಿಸ್ಕಾರ್ಡ್ ಆ್ಯಪ್‌ಗೆ ಹೋಗಿದೆ. 2015ರಲ್ಲಿ ಡಿಸ್ಕಾರ್ಡ್ ಬರುವ ಮುಂಚೆಯೂ ಟೀಮ್‌ಸ್ಪೀಕ್, ವೆಂಟ್ರಿಲೋ ಇದ್ದವು, ಆದರೆ ಸರ್ವರ್ ಬಾಡಿಗೆಗೆ ತೆಗೆದುಕೊಳ್ಳಬೇಕಿತ್ತು ಇಲ್ಲವೇ ನಾವೇ ನಡೆಸಬೇಕಿತ್ತು, ಹೆಚ್ಚಾಗಿ ಕ್ಲಾನ್‌ಗಳು (ಒಟ್ಟಿಗೆ ಆಡುವ ಕಾಯಂ ತಂಡಗಳು) ಬಳಸುತ್ತಿದ್ದವು. ಈಗ ಯಾರು ಬೇಕಾದರೂ ಬಿಟ್ಟಿಯಾಗಿ ಒಂದು ಜಾಗ ಮಾಡಬಹುದು. ನಾವೂ ಮಾಡಿದ್ದೇವೆ, ಕನ್ನಡ ಮಾತಾಡುವ ಹುಡುಗಿಯರದ್ದು, ವ್ಯಾಲರಂಟ್ ಅನ್ನುವ ಶೂಟಿಂಗ್ ಗೇಮ್ ಜಾಸ್ತಿ ಆಡುತ್ತೇವೆ. ಬೆಂಗಳೂರಿನವರು, ಮಂಗಳೂರಿನವರು, ಮಸ್ಕತ್‌ನಲ್ಲಿ ಇರುವವಳೂ ಒಬ್ಬಳು.

ಅಡ್ಮಿನ್ ವಿಷಯ ಬಂತಲ್ಲ, ನಾವು ಹೇಗೆ ಮಾಡಿದ್ದೇವೆ ಅಂತ ಹೇಳುತ್ತೇನೆ. ಒಳಗೆ ಬರಬೇಕಾದರೆ ಈಗಾಗಲೇ ಇರುವ ಒಬ್ಬಳು "ನನಗೆ ಗೊತ್ತು" ಅಂತ ಹೇಳಬೇಕು. ಹೊಸಬಳಿಗೆ ಮೊದಲು ಬರೆಯುವ ಚಾನೆಲ್ ಮಾತ್ರ, ಕೆಲವು ದಿನ ಆದ ಮೇಲೆ ವಾಯ್ಸ್. ಯಾರನ್ನಾದರೂ ತೆಗೆದರೆ ಯಾಕೆ ಅಂತ ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆಯಬೇಕು. ಮಾಡರೇಟರ್ ಆದವರು ಮೂರು ತಿಂಗಳಿಗೆ ಬದಲಾಗುತ್ತಾರೆ. ಮೊದಮೊದಲು ಜಗಳ ಆಗಿತ್ತು, ಒಬ್ಬಳು ಕೋಪ ಮಾಡಿಕೊಂಡು ಹೋದಳು. ಈಗ ಸಂಜೆ ಐದು ಜನ ಸೇರಿದರೆ ಮುಂಬೈ ಸರ್ವರ್‌ನಲ್ಲಿ ರ‍್ಯಾಂಕ್ ಆಡುತ್ತೇವೆ, ಸೇರದಿದ್ದರೆ ಅಡುಗೆ ಮಾಡುತ್ತಾ ಹರಟೆ. ಅಪರಿಚಿತರ ಜೊತೆ ಆಡುವ ದಿನ ನನ್ನ ಮೈಕ್ ಈಗಲೂ ಆಫ್.

ಕೋಡ್_ಕಾಯಕ

ಇದು ಒಳ್ಳೆಯದೇ, ಆದರೆ ನನಗೆ ಒಂದು ಚಿಂತೆ ಇದೆ. ಎಲ್ಲರೂ ತಮ್ಮ ತಮ್ಮ ಡಿಸ್ಕಾರ್ಡ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಗೇಮ್‌ನ ಸಾರ್ವಜನಿಕ ಜಾಗದಲ್ಲಿ ಉಳಿಯುವವರು ಯಾರು? ಯಾರ ಪರಿಚಯವೂ ಇಲ್ಲದ ಹೊಸಬ, ಮತ್ತು ಯಾರಿಗೂ ಬೇಡವಾದ ಬೈಗುಳದವನು. ಅವರಿಬ್ಬರನ್ನು ಒಟ್ಟಿಗೆ ಕೂಡಿಹಾಕಿದ ಹಾಗೆ ಆಗುತ್ತದೆ. ಒಳ್ಳೆಯವರು ವಾರಕ್ಕೆ ಒಂದು ಪಂದ್ಯವಾದರೂ ಅಪರಿಚಿತರ ಜೊತೆ ಆಡಬೇಕು ಅನ್ನುವುದು ನನ್ನ ಆಸೆ. ನೀಲಿಹಕ್ಕಿ ಅವರಿಗೆ ಹೇಳುತ್ತಿಲ್ಲ, ನಮ್ಮಂಥ ಗಂಡಸರಿಗೆ. ಪಕ್ಕದವನು ಹೊಲಸು ಮಾತಾಡಿದಾಗ "ಸಾಕು ನಿಲ್ಲಿಸು" ಅನ್ನುವ ಒಬ್ಬ ಆ ಟೀಮ್‌ನಲ್ಲಿ ಇದ್ದರೆ ಬಹಳ ವ್ಯತ್ಯಾಸ ಆಗುತ್ತದೆ.

ತಿಪಟೂರು_ತೆಂಗು

ನಾನು ಗೇಮ್ ಆಡುವವನಲ್ಲ. ಮಗನಿಗೆ ಹನ್ನೆರಡು ವರ್ಷ, ರೋಬ್ಲಾಕ್ಸ್ ಆಡುತ್ತಾನೆ. ಫ್ರೆಂಡ್ಸ್ ಜೊತೆ ಆಡ್ತಿದ್ದೀನಿ ಅನ್ನುತ್ತಾನೆ, ಯಾವ ಫ್ರೆಂಡ್ಸ್ ಅಂತ ನನಗೆ ತಿಳಿಯುವುದಿಲ್ಲ. ಫೋನ್ ಕಿತ್ತುಕೊಳ್ಳುವುದು ಸುಲಭ, ಆದರೆ ಪುಟ್ಟ ಅವರು ಬರೆದದ್ದು ಓದಿ ಮನಸ್ಸು ಬರಲಿಲ್ಲ. ಏನು ಮಾಡಲಿ, ತಿಳಿದವರು ಹೇಳಿ.

ಪೋಚಿಂಕಿ_ಪುಟ್ಟ

ಸಾರ್, ಕಿತ್ತುಕೊಳ್ಳಬೇಡಿ. ನಮ್ಮಪ್ಪ ಕಿತ್ತುಕೊಂಡಾಗ ನಾನು ಗೆಳೆಯನ ಫೋನ್‌ನಲ್ಲಿ ಆಡಿದೆ, ಆಮೇಲೆ ಏನನ್ನೂ ಮನೆಯಲ್ಲಿ ಹೇಳುತ್ತಿರಲಿಲ್ಲ.

ನೀಲಿಹಕ್ಕಿ_77

ತಿಪಟೂರು ಅವರೇ, ಮೊದಲು ಅಪ್ಪ ಅಮ್ಮನ ಅಕೌಂಟ್ ಮಾಡಿ ಮಗನ ಅಕೌಂಟ್‌ಗೆ ಜೋಡಿಸಿ. 2024ರ ಕೊನೆಯಿಂದ ರೋಬ್ಲಾಕ್ಸ್‌ನಲ್ಲಿ ನಿಮ್ಮ ಫೋನ್‌ನಿಂದಲೇ ಅವನ ಫ್ರೆಂಡ್ಸ್ ಪಟ್ಟಿ ನೋಡಬಹುದು, ಎಷ್ಟು ಹೊತ್ತು ಆಡಿದ ಅಂತಲೂ ತಿಳಿಯುತ್ತದೆ. ಆದರೆ ಪಟ್ಟಿಯನ್ನು ಕದ್ದು ನೋಡಬೇಡಿ. ಭಾನುವಾರ ಪಕ್ಕದಲ್ಲಿ ಕೂತು ಒಂದೊಂದು ಹೆಸರನ್ನೂ ಅವನಿಂದಲೇ ಕೇಳಿ. ಇವನು ಯಾರು, ಶಾಲೆಯವನಾ, ಟ್ಯೂಷನ್‌ನವನಾ, ಎಲ್ಲಿ ಸಿಕ್ಕಿದ. ಮುಖ ನೋಡಿ ಗೊತ್ತಿರುವವರು ಇರಲಿ. "ಗೇಮ್‌ನಲ್ಲಿ ಸಿಕ್ಕ" ಅಂದವರನ್ನು ಅವನ ಕೈಯಿಂದಲೇ ತೆಗೆಸಿ, ಯಾಕೆ ಅಂತ ಹೇಳಿ. ಬೇರೆ ಆ್ಯಪ್‌ಗೆ ಬಾ ಅಂತ ಯಾರಾದರೂ ಕರೆದರೆ ಬೈಗುಳ ಬೀಳುವುದಿಲ್ಲ, ಬಂದು ಹೇಳು ಅಂತ ಮಾತು ಕೊಡಿ. ಆಮೇಲೆ ಅವನ ಶಾಲೆಯ ಇಬ್ಬರು ಮೂವರು ಹುಡುಗರ ಮನೆಯವರ ಜೊತೆ ಮಾತಾಡಿ, ಎಲ್ಲರೂ ಒಂದೇ ಹೊತ್ತಿಗೆ ಆಡುವ ಹಾಗೆ ಟೈಮ್ ಇಟ್ಟುಕೊಳ್ಳಿ. ಸಂಜೆ ಆರೂವರೆ ಆದರೆ ಒಳ್ಳೆಯದು, ಹೋಮ್‌ವರ್ಕ್ ಮುಗಿದಿರುತ್ತದೆ.